ಚೌಕಕ್ಕೆ ಸಿಗದ ಕೈ

ರಾಚೆಸ್ಟರ್
ಮಾರ್ಚ್ ೯, ಶನಿವಾರ

ಪ್ರೀತಿಯ ನೋರೀನ್,

ನೀನು ಅಳೆದು ಕಳಿಸಿದ ಫಲಿತಾಂಶ ಬಂತು. ಓದಿದೆ, ಒಂದು ದಿನ ಬಿಟ್ಟು ಮತ್ತೆ ಓದಿದೆ. ಸಿಟ್ಟು ಇಳಿಯಲಿಲ್ಲ. ಟ್ಯಾಬ್ಲೆಟ್ಟಿನ ಮುಂದೆ ಕೂತು ಸಿಟ್ಟಿನಲ್ಲಿ ಸನ್ನೆ ಮಾಡಿದರೆ ನಿನಗೆ ನನ್ನ ಬೆರಳುಗಳ ಬದಲು ಗಂಜಿ ಕಾಣುತ್ತದೆ, ಅದಕ್ಕೇ ಕಾಗದ.

ನಮ್ಮಂಥ ಕಿವುಡರು ಸನ್ನೆಯಲ್ಲಿ ಮಾತಾಡಲೆಂದು ನಿಮ್ಮ ಕಂಪನಿ ಮಾಡುವ ಟ್ಯಾಬ್ಲೆಟ್ಟಿನಿಂದ, ವಿಡಿಯೋ ಚಿತ್ರದ ಚೌಕವನ್ನು ಸೀಳುವ ಓರೆ ಗೆರೆಯನ್ನು ತೆಗೆಯಬೇಕೋ ಬೇಡವೋ ಎಂಬುದು ಮುಂದಿನ ಶುಕ್ರವಾರದ ಸಭೆಯಲ್ಲಿ ತೀರ್ಮಾನವಾಗುತ್ತದೆ ಎಂದಿದ್ದೀಯ. ನೀನು ವಿವರಿಸಿದ್ದು ನನಗೆ ಅರ್ಥವಾಗಿದೆ. ಚಿತ್ರವನ್ನು ಚೌಕಗಳಾಗಿ ಒಡೆಯುತ್ತೀರಿ, ಒಂದೊಂದು ಚೌಕವೂ ಹಿಂದಿನ ಚಿತ್ರದಲ್ಲಿದ್ದ ಜಾಗದಿಂದ ಎಷ್ಟು ಸರಿಯಿತೆಂದು ಊಹಿಸಿ ಅದನ್ನಷ್ಟೇ ಕಳಿಸುತ್ತೀರಿ. ಒಂದೇ ಚೌಕದಲ್ಲಿ ಅರ್ಧ ನನ್ನ ಕೈ, ಅರ್ಧ ನನ್ನ ಸ್ವೆಟರ್ ಇದ್ದರೆ? ಕೈ ಓಡುತ್ತದೆ, ಸ್ವೆಟರ್ ಕೂತಲ್ಲೇ ಇರುತ್ತದೆ. ಓರೆ ಗೆರೆ ಇದ್ದರೆ ಚೌಕವನ್ನು ಬೆರಳಿನ ಅಂಚಿಗೆ ಸರಿಯಾಗಿ ಸೀಳಿ, ಎರಡು ಪಾಲಿಗೂ ಬೇರೆ ಬೇರೆ ಚಲನೆ ಕೊಡಬಹುದು. ಇಲ್ಲದಿದ್ದರೆ ಚೌಕವನ್ನು ಚೂರು ಚೂರು ಮಾಡುತ್ತಾ ಹೋಗಬೇಕು. ಸಂಪರ್ಕ ಸಣಕಲಾಗಿದ್ದಾಗ ಅಷ್ಟು ಚೂರುಗಳಿಗೆ ಜಾಗವಿರುವುದಿಲ್ಲ, ಬೆರಳೂ ಉಣ್ಣೆಯೂ ಒಂದಾಗುತ್ತವೆ.

ನಿಮ್ಮ ಪ್ರೆಸ್ಟನ್ ಸಾಹೇಬರು ಹೇಳಿದ್ದನ್ನೂ ಬರೆದಿದ್ದೀಯ: 'ಸರಾಸರಿ ಲಾಭ ನೂರಕ್ಕೆ ಒಂದೂ ಇಲ್ಲ. ಆ ಗೆರೆ ಹುಡುಕೋದ್ರಲ್ಲಿ ಚಿಪ್ ಬೆವರು ಸುರಿಸುತ್ತೆ, ಬ್ಯಾಟರಿ ಸಾಯುತ್ತೆ.' ಯಾವುದರ ಸರಾಸರಿ? ನೀವು ಅಳೆಯುವ ವಿಡಿಯೋಗಳಲ್ಲಿ ಇರುವುದು ಓಡುವ ಕುದುರೆ, ಬಾಸ್ಕೆಟ್‌ಬಾಲ್ ಆಟ, ಜನ ತುಂಬಿದ ಬೀದಿ. ನಾನು ಚಿಕ್ಕವಳಾಗಿದ್ದಾಗ ಶಾಲೆಯಲ್ಲಿ ಸನ್ನೆ ಮಾಡಿದರೆ ಕೈಗಳ ಮೇಲೆ ಕೂರಿಸುತ್ತಿದ್ದರು. ಕಾರಣ ಕೇಳಿದರೆ, ಲೋಕದಲ್ಲಿ ಹೆಚ್ಚಿನವರು ಬಾಯಲ್ಲಿ ಮಾತಾಡುತ್ತಾರೆ ಎಂಬ ಉತ್ತರ. ಅದೂ ಒಂದು ಸರಾಸರಿಯೇ.

ನ್ಯಾಯವಾಗಿ ಹೇಳಬೇಕು: ನೀನು ನಮ್ಮದೇ ವಿಡಿಯೋ ಕೇಳಿದೆ. ನಮ್ಮ ಕಿವುಡರ ಕ್ಲಬ್ಬಿನವರೆಲ್ಲ ಸಾಲಾಗಿ ಕೂತು ತೆಗೆಸಿಕೊಂಡೆವು. ಅದನ್ನು ಅಳೆದರೂ ಲಾಭ ಕುದುರೆಗಳಿಗಿಂತ ಕಡಿಮೆ ಬಂತು. ಮೊದಲು ನಿನ್ನ ಮೇಲೇ ಅನುಮಾನಪಟ್ಟೆ. ಆಮೇಲೆ ಕ್ಲಬ್ಬಿನ ದೊಡ್ಡ ಪರದೆಯಲ್ಲಿ ಎಲ್ಲರೂ ಆ ವಿಡಿಯೋ ನೋಡಿದೆವು. ಗಸ್ ಅರ್ಧಕ್ಕೇ ಎದ್ದು ನಿಂತು, 'ಇದೇನ್ರೋ, ಎಲ್ರೂ ಬ್ಯಾಂಕ್ ಸಾಲಕ್ಕೆ ಬಂದೋರ ಥರ ಮಾತಾಡ್ತಿದೀರ' ಎಂದ. ಬರ್ನಿಸ್ ಬಿಟ್ಟಾಳೆಯೇ: 'ನೀನೇನ್ ಕಮ್ಮೀನಾ ಮುದುಕ? ನಿನ್ ಮದುವೇಲೂ ಇಷ್ಟು ಮರ್ಯಾದಸ್ಥನಾಗಿ ಕೂತಿರ್ಲಿಲ್ಲ.'

ಆಗ ಹೊಳೆಯಿತು. ಕ್ಯಾಮೆರಾ ಕಂಡ ಕೂಡಲೇ ನಾವೆಲ್ಲ ಬೋಳು ಗೋಡೆಗೆ ಬೆನ್ನು ಕೊಟ್ಟಿದ್ದೆವು. ಮೊಣಕೈ ಪಕ್ಕೆಗೆ ಅಂಟಿಸಿ, ಕೈಯನ್ನು ಮುಖದಿಂದ ದೂರವಿಟ್ಟು, ಒಂದು ಸನ್ನೆಯಾದ ಮೇಲೆ ನಿಂತು ಇನ್ನೊಂದು. ಯಾರೂ ಹೇಳಿಕೊಟ್ಟದ್ದಲ್ಲ. ವರ್ಷಗಟ್ಟಲೆ ಮಸುಕು ಚಿತ್ರದಲ್ಲಿ ಮಾತಾಡಿ ಕೈಗಳೇ ಕಲಿತುಕೊಂಡಿವೆ. ಚೌಕಕ್ಕೆ ಕಷ್ಟ ಕೊಡದಂತೆ ಮಾತಾಡಿ, ಚೌಕಕ್ಕೆ ಕಷ್ಟವೇ ಇಲ್ಲ ಎಂದು ನಿನ್ನಿಂದ ಬರೆಸಿದ್ದೇವೆ. ತಪ್ಪು ನಿನ್ನ ಲೆಕ್ಕದ್ದಲ್ಲ, ನಮ್ಮದು.

ನಿನ್ನೆ ಇಸ್ಪೀಟು ಮೇಜಿನ ಪಕ್ಕದ ಕಪಾಟಿನ ಮೇಲೆ ಕ್ಯಾಮೆರಾ ಇಟ್ಟೆವು. ಎಲ್ಲರಿಗೂ ಹೇಳಿಯೇ ಇಟ್ಟದ್ದು. ಎರಡನೆಯ ಆಟಕ್ಕೆ ಎಲ್ಲರೂ ಮರೆತರು. ಬರ್ನಿಸ್ ಎಲೆ ಬಚ್ಚಿಟ್ಟಳೆಂದು ಗಸ್ ಕೈಬೀಸಿ ಜಗಳ ತೆಗೆದ. ಅವಳು ಒಂದು ಕೈಯಲ್ಲಿ ಎಲೆ ಹಿಡಿದೇ ಇನ್ನೊಂದನ್ನು ಅವನ ಮೂಗಿನ ಕೆಳಗೆ ಆಡಿಸಿ, 'ಕಣ್ಣಿನ ಪೊರೆ ತೆಗೆಸ್ಕೊ, ಆಮೇಲೆ ಕಳ್ಳಿ ಅನ್ನು' ಎಂದಳು. ಆಡುತ್ತಿದ್ದ ನಾಲ್ವರೂ ಒಟ್ಟಿಗೆ, ಮುಖಗಳ ಮೇಲೆ ಕೈಗಳು, ಕೈಗಳ ಮೇಲೆ ಕೈಗಳು. ನಾವು ಮಾತಾಡುವುದು ಹೀಗೆ. ನಿನಗಿದು ಗೊತ್ತು, ಈ ಮೇಜಿನ ಕೆಳಗೇ ಆಡಿ ಬೆಳೆದವಳು ನೀನು.

ಮೆಮೊರಿ ಕಾರ್ಡ್ ಲಕೋಟೆಯಲ್ಲಿದೆ. ಸಭೆಗೆ ಮುಂಚೆ ಓರೆ ಗೆರೆ ಇಟ್ಟು ಒಮ್ಮೆ, ತೆಗೆದು ಒಮ್ಮೆ ಅಳೆ. ಕುದುರೆಗಳ ಜೊತೆ ಕೂಡಿಸಿ ಭಾಗಿಸಬೇಡ. ಅಂಕಿ ಹೇಳುವ ಮೊದಲು ಬರ್ನಿಸಳ ಕೈಯ ಎರಡೂ ಚಿತ್ರಗಳನ್ನು ಪ್ರೆಸ್ಟನ್ನರಿಗೆ ತೋರಿಸು. ಅಮ್ಮನ ಕ್ಲಬ್ಬಿನವರ ಜಗಳವನ್ನು ಸಭೆಗೆ ಒಯ್ಯಲು ನಿನಗೆ ಸಂಕೋಚವಾಗುತ್ತದೆ ಎಂದು ಗೊತ್ತು. ಆದರೂ ಒಯ್ಯು. ಇದರಲ್ಲೂ ವ್ಯತ್ಯಾಸ ಕಾಣದಿದ್ದರೆ ಹಾಗೆಂದೇ ಬರೆ, ನಾನು ಒಪ್ಪಿಕೊಳ್ಳುತ್ತೇನೆ.

ನಿನ್ನ ಅಮ್ಮ,
ಅಡೆಲ್

ಮರೆತದ್ದು: ಮರೆತದ್ದಲ್ಲ, ಬರೆಯಬಾರದು ಅಂದುಕೊಂಡಿದ್ದೆ. ನಿಮ್ಮ ಮನೆಯಲ್ಲಿ ಎಲ್ಲ ಬಾಯಿಮಾತು. ನಿನ್ನ ಮಗಳು ಟೆಸ್ ಸನ್ನೆ ಕಲಿತದ್ದೆಲ್ಲ ಟ್ಯಾಬ್ಲೆಟ್ಟಿನಲ್ಲಿ ನನ್ನನ್ನು ನೋಡಿ. ಕ್ರಿಸ್‌ಮಸ್‌ಗೆ ನೀವು ಬಂದಾಗ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ಇಸ್ಪೀಟು ಮೇಜಿನಲ್ಲಿ ಮಾತಾಡುವಂತೆ, ನಾನಿರುವ ಹಾಗೇ ಮಾತಾಡಿದೆ. ಮಗು ಹಿಂದೆ ಸರಿದು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಒಂದೊಂದೇ ಸನ್ನೆಯಾಗಿ ಕೇಳಿತು: 'ಅಜ್ಜಿ, ನನ್ ಮೇಲೆ ಯಾಕೆ ಸಿಟ್ಟು?' ನಾನು ಕೇಳಿದ್ದು, ಇನ್ನೊಂದು ತುಂಡು ಪೈ ಬೇಕಾ ಅಂತ.