ಕೈ ತೊಳೆಯುವ ಮುನ್ನ

ಒಳಪೇಟೆ, ಕೊಪ್ಪಳದ ಗುಡ್ಡಗಳ ಒಳಗಿನಿಂದ
ಕ್ರಿ.ಶ. ೨೪೧೧, ಫೆಬ್ರವರಿ ೩೦

ವಾರಿಜಮ್ಮನವರಿಗೆ ಗುರುಬಾಯಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಪಾಪ, ಫೆಬ್ರವರಿಯೊಂದಕ್ಕೆ ಯಾಕೆ ಅನ್ಯಾಯ ಎಂದು ನಮ್ಮ ಹಿರಿಯರು ಅದಕ್ಕೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಮಾತುಗಳು ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರಹಗಳನ್ನು ಓದಿ, ಆದಷ್ಟು ನಿಮ್ಮಂತೆಯೇ ಬರೆಯುತ್ತಿದ್ದೇನೆ. ಈ ಕಾಗದ ನಿಮಗೆ ಹೇಗೆ ಮುಟ್ಟಿತು ಎಂದು ಮಾತ್ರ ಕೇಳಬೇಡಿ, ನಮ್ಮ ಅಂಚೆಯವರಿಗೇ ಅದು ಸರಿಯಾಗಿ ಗೊತ್ತಿಲ್ಲ.

ಒಳಪೇಟೆ ಎಂದರೆ ಬಂಡೆ ಕೊರೆದು ಮಾಡಿಕೊಂಡ ಊರು. ಹೊರಗಿನ ಬಿಸಿಲು ಈಗ ನಿಮ್ಮ ಕಾಲದ ಬಿಸಿಲಲ್ಲ. ಹಗಲೆಲ್ಲ ಒಳಗಿದ್ದು, ಹೊತ್ತು ಇಳಿದ ಮೇಲೆ ಹೊರಬಿದ್ದು ಸಜ್ಜೆಯ ಹೊಲ ನೋಡಿಕೊಂಡು ಬರುತ್ತೇವೆ. ಅಯ್ಯೋ ಎನ್ನಬೇಡಿ, ಸುಖವಾಗಿಯೇ ಇದ್ದೇವೆ. ರೊಟ್ಟಿ ಬಡಿಯುವ ಸದ್ದು ಬಂಡೆಯಲ್ಲಿ ಓಣಿಯ ತುದಿಯವರೆಗೂ ಕೇಳುವುದರಿಂದ ಯಾರ ಮನೆಯಲ್ಲಿ ಅಡುಗೆ ತಡವಾಯಿತೆಂದು ಊರಿಗೆಲ್ಲ ಗೊತ್ತಾಗುತ್ತದೆ. ಗಾಳಿ, ಬೆಳಕು, ನೀರು ಎಲ್ಲವೂ ಯಂತ್ರಗಳ ಕೃಪೆ. ಅವುಗಳ ಪ್ರೋಗ್ರಾಮುಗಳನ್ನು ನಾವೇ ಬರೆದುಕೊಳ್ಳುತ್ತೇವೆ. ಬರೆದ ತುಂಡುಗಳನ್ನು ಜೋಡಿಸಿ ಓಡುವಂತೆ ಮಾಡುವ ಉಪಕರಣಕ್ಕೆ ನಮ್ಮಲ್ಲಿ ‘ಕಟ್ಟುಗ’ ಎನ್ನುತ್ತಾರೆ. ನೀವು ಬಿಲ್ಡ್ ಟೂಲ್ ಎನ್ನುವುದು ಅದನ್ನೇ.

ನಮಗೆ ಗೊತ್ತಿದ್ದ ಕಟ್ಟುಗಗಳೆಲ್ಲ ಮೂಗರಂತಿದ್ದವು. ಕೆಲಸ ನಿಂತರೆ ಒಂದು ಅಂಕಿ ತೋರಿಸಿ ಸುಮ್ಮನಾಗುತ್ತಿದ್ದವು. ಆ ಅಂಕಿಗಳ ಅರ್ಥ ಬಲ್ಲವರು ಎಂದೋ ತೀರಿಹೋಗಿದ್ದರು. ಹಾಗಾಗಿ ಒಂದು ಪದ್ಧತಿ ಬೆಳೆಯಿತು. ಅಂಕಿ ಬಂದರೆ ಬರೆದವರ ಕೈ ತಪ್ಪಿದೆ ಎಂದೇ ಎಲ್ಲರ ತೀರ್ಮಾನ. ಬರೆದವರು ಎಲ್ಲರೆದುರು ಕೈ ತೊಳೆದು, ಬರೆದದ್ದನ್ನೆಲ್ಲ ಅಳಿಸಿ, ಮೊದಲಿನಿಂದ ಶುರು ಮಾಡಬೇಕು. ವಯಸ್ಸಿದ್ದಾಗ ನಾನೂ ಇದೇ ಕೆಲಸ ಮಾಡಿದವಳು. ಎಷ್ಟು ಒಳ್ಳೆಯ ಕೆಲಸ ಹೀಗೆ ನೀರುಪಾಲಾಯಿತೋ, ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹೋದ ವರ್ಷ ನನ್ನ ಮಗಳು ನೀಲವ್ವ ದಿನ ತುಂಬುವ ಮೊದಲೇ ಹೆತ್ತಳು. ಕೂಸು ನನ್ನ ಎರಡು ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಅಂಥ ಕೂಸುಗಳನ್ನು ಬೆಚ್ಚಗಿಡಲು ಕಾವುತೊಟ್ಟಿಲು ಬೇಕು. ಪಕ್ಕದ ಗುಡ್ಡದವರು ತಮ್ಮ ಹಳೆಯ ತೊಟ್ಟಿಲನ್ನು ಅದರ ಕಟ್ಟುಗದ ಸಮೇತ ಹೊತ್ತು ತಂದುಕೊಟ್ಟರು. ಇಷ್ಟು ಚಿಕ್ಕ ಕೂಸಿಗೆ ಹೊಂದುವಂತೆ ಪ್ರೋಗ್ರಾಮು ಬದಲಿಸಬೇಕಿತ್ತು. ನನ್ನ ಅಕ್ಕನ ಮಗ ಬಸಲಿಂಗ ಊಟ ಬಿಟ್ಟು ಕುಳಿತು ಬರೆದ. ಅಷ್ಟು ಹೊತ್ತೂ ನಾವು ಸರದಿಯ ಮೇಲೆ ಕೂಸನ್ನು ಎದೆಗೆ ಅವುಚಿಕೊಂಡಿದ್ದೆವು. ಆದರೂ ಅದರ ಪಾದಗಳು ತಣ್ಣಗಾಗುತ್ತಲೇ ಇದ್ದವು.

ಬಸಲಿಂಗ ಕಟ್ಟಲು ಶುರು ಮಾಡಿದ. ಅರ್ಧದಲ್ಲಿ ನಿಂತಿತು. ಪರದೆಯ ಮೇಲೆ ೧೩೭. ಅವನು ನೋಡಿದ್ದು ಅದೊಂದನ್ನೇ. ಮುಖ ಬಿಳಿಚಿಕೊಂಡು ಎದ್ದು, ಚೊಂಬು ಬಗ್ಗಿಸಿಕೊಂಡು ಕೈ ತೊಳೆಯತೊಡಗಿದ. ಮತ್ತೆ ಮೊದಲಿನಿಂದ ಬರೆಯುವಷ್ಟು ಹೊತ್ತು ಕೂಸು ತಡೆಯುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪದ್ಧತಿಯ ಮುಂದೆ ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಎದ್ದವಳು ನೀಲವ್ವ. ಹಸಿ ಬಾಣಂತಿ, ಗೋಡೆ ಹಿಡಿದುಕೊಂಡು ಬಂದು ಪರದೆಯ ಮುಂದೆ ನಿಂತಳು. ಅಂಕಿಯ ಕೆಳಗೆ ಅಕ್ಷರಗಳಿದ್ದವು, ಅದೂ ಕನ್ನಡದಲ್ಲಿ. “ಈ ಕೆಲಸವನ್ನು ಹೊರಗಿನಿಂದ ಬಲವಂತವಾಗಿ ನಿಲ್ಲಿಸಲಾಗಿದೆ. ಬಹುಶಃ ಮೆಮೊರಿ ಸಾಲಲಿಲ್ಲ. ನೀವು ಬರೆದದ್ದು ತಪ್ಪೆಂದು ಇದರ ಅರ್ಥವಲ್ಲ. ಒಂದೇ ಸಲಕ್ಕೆ ಕಡಿಮೆ ತುಂಡುಗಳನ್ನು ಕಟ್ಟಿ ನೋಡಿ.”

“ಅಣ್ಣಾ, ಕೈ ತೊಳಿಬ್ಯಾಡೋ! ನಿಂದೇನೂ ತಪ್ಪಿಲ್ಲಂತ ಹೇಳಾಕತ್ತೈತಿ ನೋಡಿಲ್ಲಿ,” ಎಂದು ಕೂಗಿದಳು.

ಬಸಲಿಂಗ ಒದ್ದೆ ಕೈಯಲ್ಲೇ ಬಂದು ಓದಿದ, ಇನ್ನೊಮ್ಮೆ ಓದಿದ. ಆಮೇಲೆ ಒಂದೊಂದೇ ತುಂಡು ಕಟ್ಟುತ್ತ ಹೋದ. ಸಂಜೆಯ ಹೊತ್ತಿಗೆ ತೊಟ್ಟಿಲು ಬೆಚ್ಚಗಾಯಿತು. ಅವನು ಮೂಲೆಗೆ ಹೋಗಿ ಗಳಗಳನೆ ಅತ್ತ. ತಪ್ಪಿಲ್ಲವೆಂದು ಯಾವ ಯಂತ್ರವೂ ನಮಗೆ ಹೇಳಿರಲಿಲ್ಲ, ವಾರಿಜಮ್ಮ. ಆ ಸಾಲುಗಳನ್ನು ಬರೆದವರು ನೀವು. ನನಗಂತೂ ನಿಮ್ಮ ‘ಬಹುಶಃ’ದ ಮೇಲೆ ಬಲು ಪ್ರೀತಿ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನದೆ, ಹಾಗೆಂದು ಕೈಯನ್ನೂ ಬಿಡದೆ, ಮನೆಯ ಹಿರಿಯಳೊಬ್ಬಳು ಪಕ್ಕದಲ್ಲಿ ಕೂತು ಹೇಳಿದಂತಿದೆ.

ಕಟ್ಟುಗದ ಹಳೆಯ ದಾಖಲೆಯಲ್ಲಿ ಆ ಸಾಲುಗಳ ಹಿಂದೆ ನಿಮ್ಮ ಹೆಸರೊಂದೇ ಉಳಿದಿದೆ. ಜೊತೆಗೆ ನಿಮ್ಮ ಜೊತೆಗಾರರೊಬ್ಬರ ಟಿಪ್ಪಣಿ: “ಅಂಕಿ ಸಾಕಲ್ವಾ, ತಿಳಿದವರಿಗೆ ತಿಳಿಯುತ್ತೆ. ಕನ್ನಡದಲ್ಲಿ ಇದನ್ನೆಲ್ಲ ಯಾರು ಓದ್ತಾರೆ?” ಅದಕ್ಕೆ ನೀವು ಉತ್ತರ ಕೊಟ್ಟಂತಿಲ್ಲ. ಬರೆದ ಸಾಲುಗಳನ್ನು ಕಟ್ಟುಗಕ್ಕೆ ಸೇರಿಸಲು ಕಳಿಸದೆ ಬಹಳ ದಿನ ಹಾಗೇ ಇಟ್ಟುಕೊಂಡಿದ್ದಿರಿ. ಅವರ ಮೇಲೆ ನನಗೆ ಸಿಟ್ಟಿಲ್ಲ. ಸರಿ, ಸುಳ್ಳೇಕೆ, ಸ್ವಲ್ಪ ಇದೆ. ಅವರ ಪ್ರಶ್ನೆಗೆ ಉತ್ತರ ನಾನು ಕೊಡುತ್ತೇನೆ: ನೀಲವ್ವ ಓದುತ್ತಾಳೆ.

ಆ ಕೂಸಿಗೆ ಈಗ ಹಲ್ಲು ಬಂದಿದೆ. ಬರೆಯಲು ಬಿಡದೆ ನನ್ನ ಬೆರಳು ಕಚ್ಚುತ್ತಿದೆ. ಆದರೆ ಈ ಕಾಗದ ಮುಟ್ಟುವ ಹೊತ್ತಿಗೆ ನೀವಿನ್ನೂ ಆ ಸಾಲುಗಳನ್ನು ಕಳಿಸಲೋ ಬೇಡವೋ ಎಂದು ಕುಳಿತಿರುತ್ತೀರಿ. ಅಲ್ಲಿಯವರೆಗೆ ಬಸಲಿಂಗನ ಕೈಯಲ್ಲಿ ಚೊಂಬು ಇದೆ, ಕೂಸಿನ ಪಾದಗಳು ತಣ್ಣಗಿವೆ. ಕಳಿಸಿಬಿಡಿ, ತಾಯಿ.