ಹುಲ್ಡಾ ಬಾರ್ಡಲ್ ಮತ್ತೆ ಕಲ್ಲು ಬಿಟ್ಟ ಚಳಿಗಾಲ

ಜನವರಿ 10, 2011. ಸೋಮವಾರ.

ಮೈನಸ್ ಮೂವತ್ತೊಂದು. ರಿಂಕಿನ ಐಸಿನ ಮೇಲೆ ಬೆಳಗಿನ ಕರ್ಲಿಂಗ್ ಅಭ್ಯಾಸ ಮುಗಿಸಿ ಸೀದಾ ಸ್ಕೂಲ್ ಬಸ್ಸಿಗೆ. ಸ್ಟೀರಿಂಗ್ ಹಿಡಿದರೂ ಬೆರಳು ಕಲ್ಲಿನ ಹಿಡಿಯನ್ನೇ ಹುಡುಕುತ್ತಿದ್ದವು.

ಇವತ್ತೂ ಬೈಗುಳ. ನಲವತ್ತು ಸಲ ಆ ತುದಿಯ ವೃತ್ತದತ್ತ ಕಲ್ಲು ಜಾರಿಸಿ ಬಿಟ್ಟೆ, ನಲವತ್ತು ಸಲವೂ ನಮ್ಮ ಕೋಚ್ ಹುಲ್ಡಾ ಗಾಜಿನ ಆಚೆಯಿಂದ ತಲೆ ಅಲ್ಲಾಡಿಸಿದರು. ಕೊನೆಗೆ ಐಸಿಗೇ ಇಳಿದು ಬಂದರು.

“ಗದ್ದ ಯಾಕೆ ಮುಂದೆ ಹೋಗುತ್ತೆ ಟ್ಯಾನಿಸ್? ಕಲ್ಲಿಗೆ ಮುತ್ತು ಕೊಡ್ತೀಯೇನೇ?”

ತಂಡದ ಮಾರ್ಲಾ, ಷೆಲ್ಲಿ ಐಸು ಗುಡಿಸುವ ಪೊರಕೆ ಊರಿಕೊಂಡು ನಕ್ಕರು. ಕೊರಿನ್ ಮಾತ್ರ ನಗಲಿಲ್ಲ. ಅವಳು ರಾತ್ರಿಪಾಳಿ ಮುಗಿಸಿ ಬಂದ ನರ್ಸ್, ನಿಂತಲ್ಲೇ ನಿದ್ದೆ.

ಗದ್ದ ಹಿಂದಕ್ಕೆ ಎಳೆದುಕೊಂಡೆ. ಕಲ್ಲು ಗೆರೆ ಎಳೆದ ಹಾಗೆ ಹೋಯಿತು. ಛೆ, ಅವರು ಹೇಳಿದ್ದೇ ಸರಿ.

ಜನವರಿ 22

ವೃದ್ಧರ ಸಂಘದವರು ರಿಂಕಿನ ಗೋಡೆಯ ಫೋಟೋಗಳನ್ನು ಒರೆಸುತ್ತಿದ್ದರು. ಎಲ್ಲ ಚಾಂಪಿಯನ್ನರು. ಅದರಲ್ಲಿ ಐದು ಕಡೆ ಹುಲ್ಡಾ. ಪ್ರಾಂತ್ಯ ಐದು ಸಲ, ದೇಶ ಒಂದು ಸಲ, 1973. ಒಂದು ಫೋಟೋದಲ್ಲಿ ಏಳು ತಿಂಗಳ ಬಸುರಿ, ಸ್ವೆಟರಿನ ಗುಂಡಿ ಹಾಕಲಾಗಿಲ್ಲ. ಆ ವರ್ಷವೂ ಗೆದ್ದಿದ್ದಾರೆ.

ಕಲಿತದ್ದು ರಿಂಕಿನಲ್ಲಲ್ಲ, ಮನೆ ಹಿಂದಿನ ಹೆಪ್ಪುಗಟ್ಟಿದ ಕುಂಟೆಯ ಮೇಲೆ. ಜಾಮ್ ಡಬ್ಬಕ್ಕೆ ಸಿಮೆಂಟು ತುಂಬಿ, ಬಾಗಿಸಿದ ಮೊಳೆಯೇ ಹಿಡಿ. ನಲವತ್ನಾಲ್ಕಕ್ಕೆ ಬಲಮಂಡಿ ಹೋಯಿತು. ಆಮೇಲೆ ಹನ್ನೆರಡು ವರ್ಷ ಈ ಕಟ್ಟಡದ ಬಾಗಿಲನ್ನೇ ತುಳಿಯಲಿಲ್ಲವಂತೆ.

ಪಕ್ಕದಲ್ಲಿದ್ದ ಹುಲ್ಡಾರನ್ನು ಕೇಳಿಯೇಬಿಟ್ಟೆ. “ಮತ್ತೆ ಯಾಕೆ ಬಂದ್ರಿ?”

“ಟಿವಿ ಮುಂದೆ ಕೂತು ಬೈದೂ ಬೈದೂ ಗಂಟಲು ಬಿದ್ದುಹೋಯ್ತು ಕಣೇ. ಇಲ್ಲಾದ್ರೆ ಬೈದಿದ್ದು ಕೇಳಿಸ್ಕೊಳ್ಳೋರು ಇದ್ದಾರೆ.”

ನಾನು ನಗಲೆಂದು ಹೇಳಿದ್ದು. ನಕ್ಕೆ. ಅವರು ಮಾತ್ರ ಖಾಲಿ ಐಸನ್ನೇ ನೋಡುತ್ತಿದ್ದರು.

ಫೆಬ್ರವರಿ 12, ಶನಿವಾರ. ಬೆಳಿಗ್ಗೆ 9.

ಪ್ರಾಂತ್ಯದ ಸೆಮಿಫೈನಲ್‌ಗೆ ಇನ್ನು ನಾಲ್ಕೇ ಗಂಟೆ. ಮೊಟೆಲಿನ ಮೆಟ್ಟಿಲ ಬಳಿ ಕೊರಿನ್ ಜಾರಿ ಬಿದ್ದಳು. ಮುಂಗೈ ಮುರಿದಿದೆ. ನರ್ಸ್ ಅಲ್ಲವೇ, ಎಕ್ಸ್-ರೇ ತೆಗೆಯುವ ಮೊದಲೇ ತಾನೇ ಹೇಳಿದಳು. ಅತ್ತದ್ದು ನೋವಿಗಲ್ಲ.

ಪ್ರತಿ ಸುತ್ತಿನ ಮೊದಲೆರಡು ಕಲ್ಲು ಅವಳವು. ಈಗ? ನಿಯಮದ ಪ್ರಕಾರ ನಾಲ್ವರಲ್ಲಿ ಉಳಿದ ಮೂವರೇ ಆಡಬಹುದು. ಇಲ್ಲವೇ ಪಟ್ಟಿಯಲ್ಲಿರುವ ಐದನೆಯವಳು ಆಡಬಹುದು. ಐದನೆಯ ಹೆಸರು — ಹುಲ್ಡಾ ಬಾರ್ಡಲ್. ಜಾಗ ಖಾಲಿ ಬಿಡಬಾರದೆಂದು ನಾನೇ ಬರೆಸಿದ್ದೆ.

“ಮೂವರೇ ಆಡಿ” ಎಂದರು ಹುಲ್ಡಾ.

“ನೀವು ಬನ್ನಿ.”

“ನನಗೆ ಅರವತ್ತಾರು. ಬಾತ್‌ರೂಮಲ್ಲೇ ಬಗ್ಗೋಕಾಗಲ್ಲ. ಇಪ್ಪತ್ತೆರಡು ವರ್ಷ ಆಯ್ತು ಆಡಿ. ಜನದ ಮುಂದೆ ಬೀಳ್ತೀನಿ.”

“ಬೀಳಿ. ಎತ್ತೋಕೆ ನಾವು ಮೂವರಿದ್ದೀವಿ.”

ಎಲ್ಲಿಂದ ಬಂತೋ ಆ ಮಾತು. ಹುಲ್ಡಾ ಮೂಲೆಯಲ್ಲಿದ್ದ ಕೊರಿನ್‌ಳ ಷೂ ಕಡೆ ನೋಡಿದರು. ಆಮೇಲೆ, “ಕೊರಿನ್ ಷೂ ಸೈಜು ಎಷ್ಟು?”

ಅದೇ ದಿನ, ಸಂಜೆ 6.

ಬರೆದಿಡಲೇಬೇಕು. ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ನಾಯಕಿ ನಾನು, ಆ ತುದಿಯ ವೃತ್ತದಲ್ಲಿ ಪೊರಕೆ ಹಿಡಿದು ಗುರಿ ತೋರಿಸುತ್ತ ನಿಂತಿದ್ದೆ. ಈ ತುದಿಯಲ್ಲಿ ಹುಲ್ಡಾ ಕಾಲು ಜಾರದಂತೆ ಐಸಿನಲ್ಲಿ ಹುದುಗಿಸಿದ ರಬ್ಬರಿಗೆ ಕಾಲೂರಿ ಕುಳಿತರು. ಕೂರುವುದಕ್ಕೇ ಅಷ್ಟು ಹೊತ್ತು. ಪ್ರೇಕ್ಷಕರಲ್ಲಿ ಯಾರೋ ಕೆಮ್ಮಿದರು.

ಆಮೇಲೆ ಕಲ್ಲನ್ನು *ಎತ್ತಿದರು*.

ನಾವೆಲ್ಲ ಐಸಿನ ಮೇಲೇ ಕಲ್ಲನ್ನು ಹಿಂದಕ್ಕೆಳೆದು ತಳ್ಳುವವರು. ಅವರ ಕಾಲದವರು ಗಾಳಿಯಲ್ಲಿ ಹಿಂದಕ್ಕೆ ತೂಗಿ ತರುತ್ತಿದ್ದರಂತೆ. ಕೇಳಿದ್ದೆ, ನೋಡಿರಲಿಲ್ಲ. ಇಪ್ಪತ್ತು ಕಿಲೋ ಹತ್ತಿರದ ಕಲ್ಲು ಸೊಂಟದೆತ್ತರಕ್ಕೆ ಹೋಯಿತು, ಒಂದು ಕ್ಷಣ ಅಲ್ಲೇ ನಿಂತಿತು, ಇಳಿಯಿತು. ಐಸಿಗೆ ತಾಕಿದಾಗ ಸದ್ದೇ ಇಲ್ಲ. ನಿದ್ದೆಹೋದ ಕೂಸನ್ನು ಕೆಳಗಿಟ್ಟ ಹಾಗೆ. ಅದರ ಹಿಂದೆಯೇ ಅವರು — ಆ ಮಂಡಿ, ಆ ವಯಸ್ಸು — ಜಾರಿಕೊಂಡು ಬಂದರು. ಗದ್ದ ಹಿಂದೆ.

ಮಾರ್ಲಾ, ಷೆಲ್ಲಿ ಪೊರಕೆ ಹಿಡಿದು ಕಲ್ಲಿನ ಜೊತೆ ಓಡಿದರು, ಆದರೆ ಅದನ್ನು ಇನ್ನಷ್ಟು ದೂರ ಸಾಗಿಸಲು ಐಸು ಗುಡಿಸಲಿಲ್ಲ. ಬೇಕಾಗಲಿಲ್ಲ. ನಾನು ತೋರಿಸಿದ ಜಾಗಕ್ಕೆ ಬಂದು ನಿಂತಿತು. ಒಂದು ಗೇಣು ಆಚೆ ಇಲ್ಲ, ಈಚೆ ಇಲ್ಲ.

ಆಮೇಲೆ ಛಾವಣಿ ಹಾರಿಹೋಗುವಂಥ ಚಪ್ಪಾಳೆ.

ಎದುರು ತಂಡದ ಹುಡುಗಿಯೊಬ್ಬಳು ಬಾಯಿ ಬಿಟ್ಟುಕೊಂಡು, “ಅದ್ಯಾವ ಸ್ಟೈಲು?” ಎಂದಳು.

“ಹಳೇದು,” ಎಂದರು ಹುಲ್ಡಾ, ಇನ್ನೂ ನೆಲದಲ್ಲೇ. “ಸ್ವಲ್ಪ ಕೈ ಕೊಡಮ್ಮ, ಏಳಬೇಕು.”

ಎದುರಾಳಿಯೇ ಎತ್ತಿ ನಿಲ್ಲಿಸಿದಳು!

ಹತ್ತು ಸುತ್ತು, ಹುಲ್ಡಾ ಪಾಲಿಗೆ ಇಪ್ಪತ್ತು ಕಲ್ಲು. ಏಳನೆಯ ಸುತ್ತಿನ ಹೊತ್ತಿಗೆ ತುಟಿ ಬಿಳಿಚಿಕೊಂಡಿತ್ತು. “ಸಾಕು, ನಾವು ನೋಡ್ಕೋತೀವಿ” ಎಂದೆ.

“ನೀನು ನಿನ್ನ ಕಲ್ಲು ನೋಡ್ಕೋ.”

ಗೆದ್ದೆವು. 6–5. ನಮ್ಮ ಕೊನೆಯ ಕಲ್ಲು ಬಿಟ್ಟದ್ದು ನಾನು, ಆದರೆ ಅದು ಹೋಗಿ ಅಡಗಿ ನಿಂತದ್ದು ಹುಲ್ಡಾ ಇಟ್ಟ ಕಲ್ಲಿನ ಹಿಂದೆ. ಎದುರಾಳಿಯ ಕೊನೆಯ ಕಲ್ಲಿಗೆ ಅದನ್ನು ಹೊಡೆಯಲು ದಾರಿಯೇ ಸಿಗಲಿಲ್ಲ.

ಇಷ್ಟು ವರ್ಷ ಇವರ ಬೈಗುಳ ಕೇಳಿದೆ. ಇವರು ಯಾರೆಂದು ಇವತ್ತು ಗೊತ್ತಾಯಿತು.

ಫೆಬ್ರವರಿ 13

ಹುಲ್ಡಾ ಮಂಡಿ ಎಲೆಕೋಸಿನ ಗಾತ್ರ. ಪ್ಯಾಂಟ್ ಏರಲಿಲ್ಲ. “ಇವತ್ತು ಮೂವರೇ,” ಎಂದರು. ವಾದ ಮಾಡುವ ಮುಖವಲ್ಲ ಅದು.

ಫೈನಲ್ ಸೋತೆವು, 7–4. ಆರನೆಯ ಸುತ್ತಿನಲ್ಲಿ ನನ್ನ ಕಲ್ಲು ಜೋರಾಗಿ ವೃತ್ತ ದಾಟಿ ಹೋಯಿತು. ಅಲ್ಲಿಗೆ ಮುಗಿಯಿತು.

ಅತ್ತುಬಿಟ್ಟೆ. “ನೀವಿದ್ದಿದ್ರೆ…”

“ನಾನಿದ್ದಿದ್ರೂ ಆ ಕಲ್ಲು ಬಿಡೋಳು ನೀನೇ ತಾನೆ? ಮೂಗು ಒರೆಸ್ಕೋ. ಗೆದ್ದೋರು ಸೋತೋರಿಗೆ ಕುಡಿಸಬೇಕು, ಪದ್ಧತಿ. ನನಗೆ ವಿಸ್ಕಿ ಹೇಳು. ದೊಡ್ಡದು.”

ಕುಂಟುತ್ತ ಹೋಗಿ ಗೆದ್ದವರ ಮಧ್ಯೆ ಕುಳಿತರು. ಆ ಹುಡುಗಿಯರು ಕುರ್ಚಿ ಎಳೆದುಕೊಂಡು ಸುತ್ತ ಸೇರಿದರು. ನಗುವೋ ನಗು.

ಮಾರ್ಚ್ 2

ಡಾಕ್ಟರ್ ಹೇಳಿದ್ದಾರೆ: ಇನ್ನು ಮೇಲೆ ಹುಲ್ಡಾ ಆ ಕಾಲು ಮಡಚುವ ಹಾಗಿಲ್ಲ. ಎಂದೆಂದಿಗೂ. ಆಪರೇಷನ್ ಆದರೂ ಅಷ್ಟೇ.

ನಾನು ಕರೆದೆನಲ್ಲ ಅವತ್ತು. “ಬೀಳಿ” ಎಂದೆನಲ್ಲ.

ಆಲೂಗೆಡ್ಡೆ ತುಂಬಿದ ಪಿರೋಗಿ ಕಡುಬು ಮಾಡಿಕೊಂಡು ಹೋದೆ. ಕ್ಷಮಿಸಿ ಎನ್ನಲು ಬಾಯಿ ತೆರೆದೆ. “ಈರುಳ್ಳಿ ಸಾಲದು,” ಎಂದರು. ಎಂಟು ತಿಂದರು.

ಮಾರ್ಚ್ 19. ಶನಿವಾರ.

ಬೆಳಿಗ್ಗೆ ಆರಕ್ಕೆ ಫೋನು. “ರಿಂಕಿಗೆ ಬಾ. ಒಬ್ಬಳೇ.”

ಐಸಿನ ಅಂಚಿನಲ್ಲಿ ನಿಂತಿದ್ದರು. ಕೈಯಲ್ಲೊಂದು ಉದ್ದನೆಯ ಕೋಲು. ಬಗ್ಗಲಾರದ ಮುದುಕರು ನಿಂತುಕೊಂಡೇ ಕಲ್ಲು ತಳ್ಳುವ ಕೋಲು. ವೃದ್ಧರ ಸಂಘದಿಂದ ಕೇಳಿ ತಂದಿದ್ದರು.

“ಇದು ನನಗೆ ಬರಲ್ಲ,” ಎಂದರು. “ಹೇಳ್ಕೊಡು.”

“ನಾನಾ?”

“ಇಲ್ಲಿ ಇನ್ಯಾರಿದ್ದಾರೆ? ನಾಚಿಕೆ ಪಡಬೇಡ. ತಪ್ಪಾದ್ರೆ ಬೈ.”

ಐದು ಫೋಟೋಗಳ ಕೆಳಗೆ ನಿಂತು, ದೇಶ ಗೆದ್ದ ಹೆಂಗಸಿಗೆ ನಾನು ಕೋಲು ಹಿಡಿಯುವುದು ತೋರಿಸಿದೆ. ಮೊದಲ ಕಲ್ಲು ಓರೆಯಾಗಿ ಹೋಗಿ ಗೋಡೆಗೆ ಬಡಿಯಿತು. ಎರಡನೆಯದು ಅರ್ಧಕ್ಕೇ ನಿಂತಿತು. ಮೂರನೆಯದಕ್ಕೆ ನಾನು ಗಂಟಲು ಸರಿಮಾಡಿಕೊಂಡು, “ಕೈ ಯಾಕೆ ಗಟ್ಟಿ ಮಾಡ್ತೀರಿ ಹುಲ್ಡಾ?” ಎಂದೆ. ನನ್ನ ದನಿ ಕೇಳಿ ನನಗೇ ಹೆದರಿಕೆ.

“ಹೂಂ, ಸರಿ,” ಎಂದರು ವಿಧೇಯವಾಗಿ. ಕೈ ಸಡಿಲಿಸಿದರು.

ಮಾರ್ಚ್ 21

ಇವತ್ತೂ ಅಭ್ಯಾಸ. ನಿನ್ನೆ ಹುಲ್ಡಾ ಕೋಲಿನಿಂದ ತಳ್ಳಿದ ಮೂವತ್ತು ಕಲ್ಲಿನಲ್ಲಿ ಹನ್ನೊಂದು ವೃತ್ತದೊಳಗೆ ನಿಂತವು. ಹನ್ನೊಂದನೆಯದಕ್ಕೆ ಅವರು ಕೂಗಿದ ಕೂಗು — ಸಿಮೆಂಟು ಡಬ್ಬದ ವಯಸ್ಸಿನ ಹುಡುಗಿಯ ಕೂಗು. ಅವರಿಗೆ ಏನು ಹೇಳಬೇಕೆಂದರೆ, ನಾನು ಇದುವರೆಗೆ ನೋಡಿದ

ಹೊರಗೆ ಹುಲ್ಡಾ ಕಾರಿನ ಹಾರ್ನ್. ಆರಕ್ಕೆ ಎಂದಿದ್ದರು, ಇನ್ನೂ ಐದೂ ಮುಕ್ಕಾಲು! ಬಂದೆ ಬಂದೆ—