ಮರ ತೊಳೆಯುವ ಕಾಲೇಜು

ಅಪ್ಪಾ,

ಈ ಕೆಲಸ ಸಿಕ್ಕ ದಿನ ನೀನು ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ ಮನೆಮನೆಗೂ ಪೇಢೆ ಹಂಚಿದ್ದೆ. "ನನ್ನ ಮಗಳು ಇಂಜಿನಿಯರಿಂಗ್ ಕಾಲೇಜಿನಾಗ ರೈಟರ್ ಆಗ್ಯಾಳ್ರಿ." ಏನು ಬರೆಯುತ್ತಾಳೆಂದು ಒಬ್ಬರಾದರೂ ಕೇಳಿದ್ದರೆ... ಪ್ರವೇಶದ ಪುಸ್ತಿಕೆ, ಪೇಪರಿಗೆ ಜಾಹೀರಾತು, ಅದಿರು ಮಾರಿ ಕಾಲೇಜು ಕಟ್ಟಿಸಿದ ಚೇರ್ಮನ್ನರ ಹುಟ್ಟುಹಬ್ಬದ ಫ್ಲೆಕ್ಸು. ಇದಕ್ಕೆ ಕನ್ನಡ ಎಂ.ಎ. ಬೇಕಿತ್ತೇ?

ಪುಸ್ತಿಕೆಗೆ ಫೋಟೊ ತೆಗೆಯುವ ದಿನ ನಮ್ಮಲ್ಲಿ ಮರ ತೊಳೆಯುತ್ತಾರೆ. ಸಂಡೂರು ರಸ್ತೆಯ ಲಾರಿಗಳ ಕೆಂಪು ಧೂಳು ಎಲೆಗಳ ಮೇಲೆ ಗಟ್ಟಿಯಾಗಿ ಕೂತಿರುತ್ತದಲ್ಲ, ಟ್ಯಾಂಕರ್ ತರಿಸಿ ಪೈಪ್ ಹಿಡಿಯುತ್ತಾರೆ. ಅದೂ ಕ್ಯಾಮೆರಾಕ್ಕೆ ಕಾಣುವ ಬದಿಗೆ ಮಾತ್ರ. ಹೋದ ವರ್ಷ ತೊಳೆದ ಮರದಡಿ ಚೇರ್ಮನ್ನರು ಬಿಳಿ ಬಟ್ಟೆಯಲ್ಲಿ ನಿಂತರು. ಮೇಲಿಂದ ಕೆಂಪು ನೀರು ತೊಟ್ಟಿಕ್ಕಿ ಹೆಗಲೆಲ್ಲ ಕಲೆ. ಪ್ರಿನ್ಸಿಪಾಲರೇ ಕರ್ಚೀಫಿನಿಂದ ಒರೆಸಿದರು. ಕಲೆ ಕಂಪ್ಯೂಟರಿನಲ್ಲಿ ಅಳಿಯಿತು. ಆ ಫೋಟೊದ ಕೆಳಗೆ ನಾನು 'ಶುದ್ಧ ಗಾಳಿಯ ಹಸಿರು ಆವರಣ' ಎಂದು ಬರೆದೆ.

ನಿನ್ನ ಮೊಮ್ಮಗಳನ್ನು ನೀನು ನೋಡದೆಯೇ ಹೋಗಿಬಿಟ್ಟೆ. ಇನ್ನೂ ವರ್ಷ ತುಂಬಿಲ್ಲ, ಆಗಲೇ ಉಬ್ಬಸ. ರಾತ್ರಿಯೆಲ್ಲ ಎದೆ ಗೊರಗೊರ ಅನ್ನುತ್ತದೆ. ಸದ್ದು ನಿಂತರೆ ಇನ್ನೂ ಹೆದರಿಕೆ, ಮೂಗಿನ ಹತ್ತಿರ ಬೆರಳು ಹಿಡಿದು ಕೂರುತ್ತೇನೆ. ನಿದ್ದೆ ಅನ್ನುವುದು ಮರೆತೇಹೋಗಿದೆ.

ಮೊನ್ನೆ ಚೇರ್ಮನ್ನರಿಗೆ ಹೊಸ ಹುರುಪು. ಈ ಸಲ ಮುಖಪುಟಕ್ಕೆ ಮರದಡಿ ಆಡುವ ಮಗು ಬೇಕಂತೆ, ಅದೂ ಸಿಬ್ಬಂದಿಯ ಮಗುವೇ ಆಗಬೇಕಂತೆ. "ನಿನ್ ಮಗಳನ್ನ ಕರ್ಕೊಂಬಾರಮ್ಮ." ಅವಳಿಗೆ ಕೆಮ್ಮು, ಆ ಧೂಳಿನಲ್ಲಿ ಕೂರಿಸಲಾಗದು ಎಂದೆ. ಅವರು ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಫೋಟೊದಾಗ ಕೆಮ್ಮು ಕೇಳಸ್ತದೇನು?"

ಸುತ್ತ ನಿಂತಿದ್ದ ಡಾಕ್ಟರೇಟುಗಳೆಲ್ಲ ನಕ್ಕವು. ಹೌದಪ್ಪ, ನಕ್ಕವು. ಅವರಿಗೆ 'ನಕ್ಕರು' ಎನ್ನುವ ಮರ್ಯಾದೆ ಕೊಡಲು ಇನ್ನು ನನ್ನಿಂದಾಗದು.

"ಮಗೀನ ಕೊಡಂಗಿಲ್ರಿ," ಎಂದೆ.

"ಹಂಗಾದ್ರ ನೀನೂ ಬರಬ್ಯಾಡ."

ಕೆಲಸ ಹೋಯಿತು ಅಪ್ಪಾ. ನೀನಿದ್ದರೆ ತಪ್ಪೊಪ್ಪಿಕೊಂಡು ಬಾ ಅನ್ನುತ್ತಿದ್ದೆಯೇನೋ... ಕಮಲಾಪುರದ ಒಂದು ಶಾಲೆಯಲ್ಲಿ ಕನ್ನಡ ಕಲಿಸಲು ಒಪ್ಪಿದ್ದೇನೆ. ಸಂಬಳ ಕಡಿಮೆ. ನಿನ್ನೆ ಬಾಳೆತೋಟದ ಪಕ್ಕ ಒಂದು ಬಾಡಿಗೆ ಮನೆ ನೋಡಲು ಹೋಗಿದ್ದೆವು. ಮಾತು ಮುಗಿಯುವಷ್ಟರಲ್ಲಿ ನಿನ್ನ ಮೊಮ್ಮಗಳು ಕಟ್ಟೆಯ ಮೇಲೆ, ನನ್ನ ತೊಡೆಯಲ್ಲಿ ನಿದ್ದೆಹೋದಳು. ಗೊರಗೊರ ಸದ್ದಿಲ್ಲದ, ಸಲೀಸಾದ ಉಸಿರು. ನಾವು ವಾಪಸ್ ಹೋಗಬೇಕಿದ್ದ ಹೊಸಪೇಟೆ ಬಸ್ಸು ಬಂತು, ಹೋಯಿತು. ನಾನು ಏಳಲಿಲ್ಲ.